ಕತ್ತಿ-ಮಾಟದ ಹಳೆಯ ಕಥೆಗಳು: ಯಾವುದರಿಂದ ಶುರು ಮಾಡೋದು? (ಪದೇ ಪದೇ ಕೇಳುವ ಪ್ರಶ್ನೆಗಳು)

ಇಂಗ್ಲಿಷಿನ ಸೋರ್ಡ್ ಅಂಡ್ ಸಾರ್ಸರಿ, ಅಂದರೆ ಕತ್ತಿ-ಮಾಟದ ಕಥೆಗಳ ಹುಚ್ಚು ನನಗೆ ಹಿಡಿದು 20 ವರ್ಷದ ಮೇಲಾಯಿತು. ಗೆಳೆಯರು, ಗೆಳೆಯರ ಮಕ್ಕಳು, ಆಫೀಸಿನವರು, ಒಮ್ಮೆ ರೈಲಿನಲ್ಲಿ ಎದುರು ಸೀಟಿನಲ್ಲಿದ್ದವರು ಕೂಡ ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ವಾಟ್ಸಾಪಿನಲ್ಲಿ ಉದ್ದುದ್ದ ಬರೆದು ಬೆರಳು ನೋವು ಬಂತು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಅಲ್ಲ, ಇದು ಎಂಥ ಕಥೆ? ರಾಜ-ರಾಣಿ ಕಥೆಯಾ?

ರಾಜ-ರಾಣಿ ಇರಬಹುದು, ಆದರೆ ಕಥೆ ಬಹುಪಾಲು ಅವರದ್ದಲ್ಲ. ಒಬ್ಬ ಕಳ್ಳನೋ, ಕೂಲಿ ಸೈನಿಕನೋ, ಊರು ಬಿಟ್ಟು ಬಂದವನೋ ಇರುತ್ತಾನೆ. ಕೈಯಲ್ಲಿ ಕತ್ತಿ, ಜೇಬಲ್ಲಿ ಕಾಸಿಲ್ಲ. ಅವನಿಗೆ ದುಡ್ಡು ಬೇಕು, ಇಲ್ಲವೇ ಸೇಡು ಬೇಕು, ಅದೂ ಇಲ್ಲ ಅಂದರೆ ಜೀವ ಉಳಿಸಿಕೊಂಡು ಹೊರಗೆ ಬಂದರೆ ಸಾಕು. ಅವನ ದಾರಿಗೆ ಮಾಟ ಅಡ್ಡ ಬರುತ್ತದೆ. ಈ ಕಥೆಗಳಲ್ಲಿ ಮಂತ್ರವಿದ್ಯೆ ಅಂದರೆ ಮುದ್ದಾದ ಮಂತ್ರದಂಡ ಅಲ್ಲ. ಮುಟ್ಟಿದವರ ಕೈ ಸುಡುವ ವಸ್ತು ಅದು.

‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಥರದ ದೊಡ್ಡ ಫ್ಯಾಂಟಸಿಯಲ್ಲಿ ಇಡೀ ಲೋಕವೇ ಅಪಾಯದಲ್ಲಿರುತ್ತದೆ. ಇಲ್ಲಿ ಲೋಕದ ಗೊಡವೆ ಯಾರಿಗೂ ಇಲ್ಲ. ಇವತ್ತು ರಾತ್ರಿ ಈ ಗೋಪುರದಿಂದ ಕೆಳಗಿಳಿದರೆ ಸಾಕು, ಅಷ್ಟೇ. ಹಾಗಾಗಿ ಕಥೆಗಳೂ ಚಿಕ್ಕವು.

ಚಂದಮಾಮ ಓದಿ ಬೆಳೆದವರಿಗೆ ಇದರ ವಾಸನೆ ಹೊಸದೇನಲ್ಲ. ಸ್ಮಶಾನ, ಹೆಗಲ ಮೇಲೆ ಹೆಣ, ಹೆಣದೊಳಗೆ ಬೇತಾಳ. ಸೋಮದೇವ 11ನೇ ಶತಮಾನದಲ್ಲಿ ಕಾಶ್ಮೀರದಲ್ಲಿ ಬರೆದ ಕಥಾಸರಿತ್ಸಾಗರದಲ್ಲೇ ಅದು ಇದೆ. ಕೊನೆಗೆ ರಾಜನನ್ನೇ ಬಲಿ ಕೊಡಲು ಕಾದು ಕೂತ ಮಾಂತ್ರಿಕನೂ ಇದ್ದಾನೆ. ಒಂದೇ ವ್ಯತ್ಯಾಸ: ವಿಕ್ರಮನಿಗೆ ಮಾತು ಮುಖ್ಯ, ನ್ಯಾಯ ಮುಖ್ಯ. ಈ ಕಥೆಗಳ ಹೆಸರಾಂತ ನಾಯಕ ಕೋನನ್ ಆಗಿದ್ದರೆ ಬೇತಾಳನ ಒಗಟು ಕೇಳಿಸಿಕೊಳ್ಳುವ ತಾಳ್ಮೆಯಿಲ್ಲದೆ ಹೆಣ ಅಲ್ಲೇ ಎಸೆದು ಹೆಂಡದಂಗಡಿಗೆ ಹೋಗುತ್ತಿದ್ದ.

‘ಸೋರ್ಡ್ ಅಂಡ್ ಸಾರ್ಸರಿ’ ಅನ್ನುವ ಹೆಸರು ಯಾರು ಇಟ್ಟಿದ್ದು?

ಫ್ರಿಟ್ಜ್ ಲೈಬರ್, 1961ರಲ್ಲಿ. ಇಂಥ ಕಥೆಗಳಿಗೆ ಒಂದು ಹೆಸರು ಬೇಕಲ್ಲ ಎಂದು ‘ಆಮ್ರಾ’ ಅನ್ನುವ ಅಭಿಮಾನಿಗಳ ಪತ್ರಿಕೆಯಲ್ಲಿ ಎತ್ತಿದ್ದು ಮೈಕಲ್ ಮೂರ್‌ಕಾಕ್, ಉತ್ತರ ಕೊಟ್ಟಿದ್ದು ಲೈಬರ್. ಇಬ್ಬರೂ ಇಂಥ ಕಥೆ ಬರೆದವರೇ. ಅಂದರೆ ಮಗು ಹುಟ್ಟಿ 30 ವರ್ಷ ಆದ ಮೇಲೆ ನಾಮಕರಣ.

‘ಕ್ಲಾಸಿಕ್’ ಅಂದರೆ ಎಲ್ಲಿಂದ ಎಲ್ಲಿವರೆಗೆ?

ನನ್ನ ಲೆಕ್ಕದಲ್ಲಿ 1929ರಿಂದ 1980ರ ದಶಕದ ಶುರುವಿನವರೆಗೆ. ಅಮೆರಿಕದಲ್ಲಿ 1923ರಲ್ಲಿ ಶುರುವಾದ ‘ವಿಯರ್ಡ್ ಟೇಲ್ಸ್’ ಎಂಬ ಅಗ್ಗದ ಕಾಗದದ ಪತ್ರಿಕೆ ಇದರ ತವರು. 1929ರ ಆಗಸ್ಟ್ ಸಂಚಿಕೆಯಲ್ಲಿ ಟೆಕ್ಸಸ್‌ನ ಹುಡುಗ ರಾಬರ್ಟ್ ಇ. ಹೋವರ್ಡ್ ಬರೆದ ‘ದಿ ಶ್ಯಾಡೋ ಕಿಂಗ್‌ಡಮ್’ ಬಂತು. ಮೊದಲ ಕಥೆ ಅದೇ ಎಂದು ಬಹಳ ಜನ ಒಪ್ಪುತ್ತಾರೆ. ಅದಕ್ಕೂ ಮುಂಚೆ ಲಾರ್ಡ್ ಡನ್ಸೇನಿ 1908ರಲ್ಲೇ ಮೊಸಳೆಯ ಮೈಯೊಳಗಿಂದ ಕತ್ತಿ ತೆಗೆದು ಮಾಂತ್ರಿಕನ ಕೋಟೆಗೆ ನುಗ್ಗುವವನ ಕಥೆ ಬರೆದಿದ್ದರು. ಅವರನ್ನು ಅಜ್ಜ ಅನ್ನಬಹುದು, ಅಪ್ಪ ಅನ್ನಲಾಗದು.

ಒಂದೇ ಒಂದು ಕಥೆ ಓದ್ತೀನಿ. ಯಾವುದು?

‘ದಿ ಟವರ್ ಆಫ್ ದಿ ಎಲಿಫೆಂಟ್’. ಹೋವರ್ಡ್, 1933ರ ಮಾರ್ಚ್. ಈ ಪ್ರಶ್ನೆಗೆ ನಾನು ಬೇರೆ ಉತ್ತರ ಕೊಟ್ಟದ್ದೇ ಇಲ್ಲ.

ಕೋನನ್ ಇಲ್ಲಿ ಇನ್ನೂ ಹುಡುಗ. ಕಾಡುಗುಡ್ಡದ ನಾಡಿನಿಂದ ಕಳ್ಳರ ಊರಿಗೆ ಬಂದಿದ್ದಾನೆ. ಭಾಷೆ ಸರಿಯಾಗಿ ಬರಲ್ಲ. ಹೆಂಡದಂಗಡಿಯಲ್ಲಿ ಒಬ್ಬ ದಪ್ಪ ಮನುಷ್ಯ ಜಂಬ ಕೊಚ್ಚುತ್ತಿರುತ್ತಾನೆ. ಆ ಊರಲ್ಲಿ ಬೆಳ್ಳಿಯಂತೆ ಹೊಳೆಯುವ ಒಂದು ಗೋಪುರವಿದೆ, ಒಳಗೆ ಯಾರಾ ಅನ್ನುವ ಮಾಂತ್ರಿಕ, ಅವನ ಹತ್ತಿರ ‘ಆನೆಯ ಹೃದಯ’ ಎಂಬ ರತ್ನ. ಅದನ್ನು ಯಾಕೆ ಯಾರೂ ಕದ್ದಿಲ್ಲ ಎಂದು ಕೋನನ್ ಕೇಳುತ್ತಾನೆ. ಎಲ್ಲರೂ ನಗುತ್ತಾರೆ. ಹಳ್ಳಿಯಿಂದ ಪೇಟೆಗೆ ಹೊಸದಾಗಿ ಬಂದವರು ಯಾರೇ ಇರಲಿ, ಆ ನಗು ಎಂಥದ್ದೆಂದು ಗೊತ್ತಿರುತ್ತದೆ ಅಲ್ವಾ? ಅಲ್ಲೇ ಹೋವರ್ಡ್ ಒಂದು ಮಾತು ಸೇರಿಸುತ್ತಾರೆ: ನಾಗರಿಕರು ಕಾಡುಜನರಿಗಿಂತ ಹೆಚ್ಚು ಒರಟು, ಯಾಕೆಂದರೆ ಅವಮಾನ ಮಾಡಿದರೂ ಯಾರೂ ತಲೆ ಒಡೆಯಲ್ಲ ಅನ್ನುವ ಧೈರ್ಯ ಅವರಿಗೆ.

ಅದೇ ರಾತ್ರಿ ಕೋನನ್ ಗೋಪುರ ಹತ್ತುತ್ತಾನೆ. ತೋಟದಲ್ಲಿ ಸದ್ದೇ ಮಾಡದ ಸಿಂಹಗಳು. ಜೊತೆಗೆ ಸಿಕ್ಕ ಇನ್ನೊಬ್ಬ ಕಳ್ಳ. ಮೇಲೆ ಒಂದು ಕೋಣೆ, ಅದರಲ್ಲಿ ಆನೆಯ ತಲೆ, ಮನುಷ್ಯನ ಮೈ ಇರುವ ಒಂದು ಮೂರ್ತಿ. ಇಲ್ಲಿಗೆ ಬಂದಾಗ ನಮ್ಮವರಿಗೆ ನೆನಪಾಗುವುದು ಒಂದೇ ರೂಪ. ಹೋವರ್ಡ್‌ಗೆ ಅದು ನೆನಪಿತ್ತೋ ಇಲ್ಲವೋ, ನಮಗಂತೂ ಕೈ ತಾನಾಗಿ ಮುಗಿಯುವ ಹಾಗಾಗುತ್ತದೆ. ಅಷ್ಟರಲ್ಲಿ ಮೂರ್ತಿ ಅಲುಗಾಡುತ್ತದೆ. ಅದು ಮೂರ್ತಿಯಲ್ಲ, ಜೀವ ಇದೆ. ಕಣ್ಣು ಕಿತ್ತು ಕುರುಡು ಮಾಡಿದ್ದಾರೆ. ಸೊಂಡಿಲು ಚಾಚಿ ಕೋನನ್‌ನ ಮುಖ, ಭುಜ ಸವರುತ್ತದೆ. ಕದಿಯಲು ಬಂದವನು ಕತ್ತಿ ಹಿಡಿದು ನಿಂತೇ ಇದ್ದಾನೆ, ಅವನ ಭಯ ಹೋಗಿ ಅಯ್ಯೋ ಅನ್ನಿಸುತ್ತದೆ. ಯಾರದೋ ತಪ್ಪಿಗೆ ತಾನೇ ನಾಚಿದ ಹಾಗೆ ಆಗುತ್ತದೆ.

ಮುಂದಿನದನ್ನು ಹೇಳಲ್ಲ. ಒಂದು ಸಂಜೆಯಲ್ಲಿ ಮುಗಿಯುವ ಕಥೆ. ಬರೀ ಮಾಂಸಖಂಡದ ಕಥೆಗಳು ಇವು ಅಂದುಕೊಂಡವರ ಕೈಗೆ ನಾನು ಮೊದಲು ಇದನ್ನೇ ಕೊಡುವುದು.

ಓದಿದೆ, ಇಷ್ಟ ಆಯ್ತು. ಕೋನನ್‌ದೇ ಇನ್ನೂ ಬೇಕು.

ಹೋವರ್ಡ್ ಪೂರ್ತಿ ಮಾಡಿದ ಕೋನನ್ ಕಥೆಗಳು 21. ಎಲ್ಲವೂ ಚಿನ್ನ ಅಲ್ಲ. ಬಾಡಿಗೆ, ದಿನಸಿ ಖರ್ಚಿಗೆಂದು ಬರೆದವೂ ಇವೆ, ಓದಿದರೆ ಗೊತ್ತಾಗುತ್ತದೆ.

ಎರಡನೆಯದಾಗಿ ‘ರೋಗ್ಸ್ ಇನ್ ದಿ ಹೌಸ್’ ಓದಿ. ಚಿಕ್ಕದು, ಚುರುಕು, ಬಹುಪಾಲು ಒಂದೇ ಮನೆಯೊಳಗೆ ನಡೆಯುತ್ತದೆ. ಆಮೇಲೆ ‘ಬಿಯಾಂಡ್ ದಿ ಬ್ಲ್ಯಾಕ್ ರಿವರ್’. ಹೊಳೆಯ ಈಚೆ ಹೊಸದಾಗಿ ಬೇಸಾಯಕ್ಕೆ ಬಂದ ಜನ, ಆಚೆ ಕಾಡು. ಹೋವರ್ಡ್ ಬಾಲ್ಯದಿಂದ ಕೇಳಿದ ಟೆಕ್ಸಸ್ ಗಡಿನಾಡಿನ ಕಥೆಗಳೇ ಇಲ್ಲಿ ಬೇರೆ ವೇಷದಲ್ಲಿ ಬಂದಿವೆ. ಇದರಲ್ಲಿ ಒಂದು ನಾಯಿ ಇದೆ. ನಾಯಿ ಸಾಕಿದವರು ಕರವಸ್ತ್ರ ಹತ್ತಿರ ಇಟ್ಟುಕೊಳ್ಳಿ.

‘ರೆಡ್ ನೇಲ್ಸ್’ ಕಡೆಯದು, 1936ರಲ್ಲಿ ಹೋವರ್ಡ್ ತೀರಿಕೊಂಡ ಮೇಲೆ ಪ್ರಕಟವಾಯಿತು. ಅವರಿಗೆ ಆಗ ಬರೀ 30 ವರ್ಷ. ಒಂದು ಇಡೀ ಊರನ್ನು ಒಂದೇ ಸೂರಿನಡಿ ಕಟ್ಟಿದ್ದಾರೆ, ಬಾಗಿಲು ಮುಚ್ಚಿದೆ, ಒಳಗೆ ಎರಡು ಬಣ. ವೈರಿಯೊಬ್ಬ ಸತ್ತಾಗಲೆಲ್ಲ ಕಪ್ಪು ಕಂಬಕ್ಕೆ ಒಂದು ಕೆಂಪು ಮೊಳೆ ಹೊಡೆಯುತ್ತಾರೆ. ಆ ಕಂಬ ಒಂದು ಸಲ ಕಣ್ಣಿಗೆ ಕಟ್ಟಿದರೆ ಹೋಗುವುದಿಲ್ಲ. ಎರಡು ತಲೆಮಾರಿನ ಗದ್ದೆಯ ಬದುವಿನ ಜಗಳ ನೋಡಿದವರಿಗೆ ಈ ಕಥೆ ಫ್ಯಾಂಟಸಿ ಅನ್ನಿಸುವುದೇ ಇಲ್ಲ.

ಕಡಲಿನ ಕಥೆ ಬೇಕೆಂದರೆ ‘ಕ್ವೀನ್ ಆಫ್ ದಿ ಬ್ಲ್ಯಾಕ್ ಕೋಸ್ಟ್’. ಬೆಲಿಟ್ ಎಂಬ ಕಡಲ್ಗಳ್ಳಿ ಕೋನನ್‌ಗಿಂತ ಜಾಸ್ತಿ ನೆನಪಿರುತ್ತಾಳೆ. ‘ದಿ ವೇಲ್ ಆಫ್ ಲಾಸ್ಟ್ ವುಮೆನ್’ ಮಾತ್ರ ಬಿಟ್ಟುಬಿಡಿ. ಹೋವರ್ಡ್ ಬದುಕಿದ್ದಾಗ ಅದು ಅಚ್ಚಾಗಲೇ ಇಲ್ಲ, ಆಗದಿದ್ದರೆ ನಷ್ಟವೂ ಇರಲಿಲ್ಲ.

ಕೋನನ್ ವಯಸ್ಸಿನ ಕ್ರಮದಲ್ಲಿ ಓದಬೇಕಾ? ನೆಟ್‌ನಲ್ಲಿ ಪಟ್ಟಿಗಳಿವೆ.

ಬೇಡ. 1932ರ ಡಿಸೆಂಬರಿನಲ್ಲಿ ಬಂದ ಮೊದಲ ಕಥೆಯಲ್ಲೇ ಅವನು ನಡುವಯಸ್ಸಿನ ರಾಜ. ಮೂರನೆಯ ಹೊತ್ತಿಗೆ ಹುಡುಗ ಕಳ್ಳ. ಊರೂರು ಅಲೆದವನು ತನ್ನ ಅನುಭವಗಳನ್ನು ನೆನಪು ಬಂದ ಹಾಗೆ ಹೇಳುತ್ತಾನಲ್ಲ, ಹಾಗೆ ಬರೆದೆ ಎಂದು ಹೋವರ್ಡ್ ಅವರೇ ಹೇಳಿಕೊಂಡಿದ್ದಾರೆ. ಅದನ್ನು ಜೋಡಿಸಿ ಜೀವನಚರಿತ್ರೆ ಮಾಡುವುದು ಆಮೇಲಿನವರ ಚಟ.

ಈ ಪುಟದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಇದೇ: ಸರಣಿ ಆರಿಸಬೇಡಿ, ಕಥೆ ಆರಿಸಿ. ಬಾಳೆಗೊನೆ ಪೂರ್ತಿ ಕೊಳ್ಳಲೇಬೇಕು ಅಂತಿಲ್ಲ, ಹಣ್ಣಾದದ್ದನ್ನು ಕಿತ್ತುಕೊಂಡರೆ ಆಯಿತು.

ಯಾವ ಪ್ರತಿ ಕೊಳ್ಳಲಿ? ಒಂದೇ ಹೆಸರಲ್ಲಿ ಹತ್ತಾರು ಇವೆ.

ಇದರಲ್ಲಿ ಸ್ವಲ್ಪ ಹುಷಾರಾಗಿರಬೇಕು. 1966ರಿಂದ ಲ್ಯಾನ್ಸರ್ ಎಂಬ ಪ್ರಕಾಶನ ಕೋನನ್ ಕಥೆಗಳನ್ನು ಪೇಪರ್‌ಬ್ಯಾಕ್ ಮಾಡಿತು. ಫ್ರ್ಯಾಂಕ್ ಫ್ರಜೆಟಾ ಬರೆದ ಮುಖಚಿತ್ರಗಳಿಂದಲೇ ಅವು ಓಡಿದವು. ಆದರೆ ಅವುಗಳಲ್ಲಿ ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಮತ್ತು ಲಿನ್ ಕಾರ್ಟರ್ ಎಂಬ ಲೇಖಕರು ಬಹಳಷ್ಟು ಕೈ ಆಡಿಸಿದ್ದಾರೆ. ಅರ್ಧಕ್ಕೆ ನಿಂತದ್ದನ್ನು ಮುಗಿಸಿದರು, ಬೇರೆ ನಾಯಕರ ಕಥೆಗೆ ಕೋನನ್ ಹೆಸರು ಹಾಕಿದರು, ತಾವೇ ಹೊಸದಾಗಿಯೂ ಬರೆದರು. ಅವರಿಲ್ಲದಿದ್ದರೆ ಕೋನನ್ ಇಷ್ಟು ಜನರಿಗೆ ತಲುಪುತ್ತಿರಲಿಲ್ಲ ಅನ್ನುವುದೂ ನಿಜ. ಆದರೂ ಹಾಲು ಯಾವುದು ನೀರು ಯಾವುದು ಗೊತ್ತಿರಬೇಕಲ್ಲ.

2003ರಿಂದ 2005ರ ನಡುವೆ ಡೆಲ್ ರೇ ಪ್ರಕಾಶನ ತಂದ ಮೂರು ಸಂಪುಟಗಳಲ್ಲಿ ಹೋವರ್ಡ್ ಬರೆದದ್ದು ಬರೆದ ಹಾಗೇ ಇದೆ. ಮೊದಲನೆಯದರ ಹೆಸರು ‘ದಿ ಕಮಿಂಗ್ ಆಫ್ ಕೋನನ್ ದಿ ಸಿಮೇರಿಯನ್’. ಮೇಲೆ ಹೇಳಿದ ಆನೆಯ ಗೋಪುರ ಅದರಲ್ಲೇ ಸಿಗುತ್ತದೆ.

ತೀರಾ ಅಗ್ಗದ ‘ಸಂಪೂರ್ಣ’ ಸಂಗ್ರಹಗಳನ್ನು ನಂಬಬೇಡಿ. ನಾನು ಆನ್‌ಲೈನಲ್ಲಿ ಒಂದು ತರಿಸಿದೆ. ಇಟ್ಟಿಗೆಯಷ್ಟು ದಪ್ಪ, ಸಾಸಿವೆಯಷ್ಟು ಅಕ್ಷರ. ಬೆಲಿಟ್ ಕಥೆ ಒಂದು ವಾಕ್ಯದ ನಡುವೆಯೇ ನಿಂತಿತ್ತು, ಮುಂದಿನ ಪುಟದಲ್ಲಿ ಬೇರೆ ಕಥೆ. ಪುಟ ಅಂಟಿಕೊಂಡಿರಬಹುದು ಅಂತ ಉಗುರಿನಿಂದ ಬಿಡಿಸಲು ನೋಡಿದೆ, ಬೆಳಕಿಗೆ ಹಿಡಿದೆ. ಅಂಟಿರಲಿಲ್ಲ. ಹಿಂದಿರುಗಿಸುವ ದಿನಾಂಕ ದಾಟಿತ್ತು. ಈಗ ಅದು ಫ್ಯಾನ್ ಗಾಳಿಗೆ ಕ್ಯಾಲೆಂಡರ್ ಹಾರದ ಹಾಗೆ ಒತ್ತಿಡುವ ಕೆಲಸದಲ್ಲಿದೆ.

ದುಡ್ಡು ಕೊಡದೆ ಓದಬಹುದಾ? ಕಾನೂನಿನ ಪ್ರಕಾರ ಕೇಳ್ತಿದ್ದೀನಿ.

ಹೋವರ್ಡ್ ಬದುಕಿದ್ದಾಗ ಅಚ್ಚಾದದ್ದನ್ನು ಓದಬಹುದು. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡು 60 ವರ್ಷದ ನಂತರ ಕೃತಿಸ್ವಾಮ್ಯ ಮುಗಿಯುತ್ತದೆ. ಹೋವರ್ಡ್ ಹೋಗಿದ್ದು 1936ರಲ್ಲಿ. ಇದೇ ಜಾತಿಯ ಕಥೆ ಬರೆದ ಕ್ಲಾರ್ಕ್ ಆಷ್ಟನ್ ಸ್ಮಿತ್ 1961ರಲ್ಲಿ ಹೋದರು, ಹಾಗಾಗಿ 2022ರಿಂದ ಅವರವೂ ಮುಕ್ತ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ (ಪುಸ್ತಕಗಳನ್ನು ಪುಕ್ಕಟೆ ಕೊಡುವ ಜಾಲತಾಣ) ಹೋವರ್ಡ್ ಕಥೆಗಳಿವೆ, ಫೋನಲ್ಲೇ ಓದಬಹುದು. ಮುಂದೆ ಹೇಳುವ ಲೈಬರ್, ಮೂರ್, ವ್ಯಾನ್ಸ್, ಮೂರ್‌ಕಾಕ್ ಕೃತಿಗಳಿಗೆ ದುಡ್ಡು ಕೊಡಬೇಕು. ಬೆಂಗಳೂರಿನವರು ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ಕಡೆಯ ಹಳೆ ಪುಸ್ತಕದಂಗಡಿಗಳಲ್ಲಿ ಒಂದು ಶನಿವಾರ ಕಳೆದು ನೋಡಿ. ಕೆಳಗಿನ ಸಾಲು ನೋಡಲು ಮಂಡಿ ಊರಲೇಬೇಕು, ಒಳ್ಳೆಯದೆಲ್ಲ ಅಲ್ಲೇ ಇರುತ್ತದೆ.

ಸಿನಿಮಾ ನೋಡಿದ್ದೀನಿ. ಸಾಲಲ್ವಾ?

1982ರ ಶ್ವಾರ್ಜ್‌ನೆಗರ್ ಸಿನಿಮಾ ನನಗೂ ಇಷ್ಟ, ಅದರ ಸಂಗೀತ ಇನ್ನೂ ಇಷ್ಟ. ಆದರೆ ಆ ಕೋನನ್ ಮಾತೇ ಆಡಲ್ಲ. ಪುಸ್ತಕದ ಕೋನನ್ ಮಾತುಗಾರ, ನಾಲ್ಕೈದು ಭಾಷೆ ಕಲಿತವನು, ತಮಾಷೆಯೂ ಗೊತ್ತು. ಸಿನಿಮಾದಲ್ಲಿ ಅವನು ಗುಲಾಮನಾಗಿ ಬೆಳೆಯುತ್ತಾನೆ, ಕಥೆಗಳಲ್ಲಿ ಅದಿಲ್ಲ. ಹೆಸರು ಒಂದೇ, ಆಳು ಬೇರೆ.

ರಕ್ತ ಸಾಕು. ನಗಿಸುವ ಕಥೆ ಇದೆಯಾ?

ಬನ್ನಿ, ಇದು ನನ್ನ ಅಚ್ಚುಮೆಚ್ಚಿನ ಪ್ರಶ್ನೆ.

ಫ್ರಿಟ್ಜ್ ಲೈಬರ್ ಬರೆದ ಫಾಫರ್ಡ್ ಮತ್ತು ಗ್ರೇ ಮೌಸರ್. ಒಬ್ಬ ಏಳಡಿ ಹತ್ತಿರದ ಉತ್ತರದ ಆಳು, ಇನ್ನೊಬ್ಬ ಕುಳ್ಳ, ಬೂದುಬಣ್ಣದ ಬಟ್ಟೆಯ ಚತುರ. ಇಬ್ಬರೂ ಕಳ್ಳರು. 1939ರ ಆಗಸ್ಟಿನಲ್ಲಿ ‘ಅನ್‌ನೋನ್’ ಪತ್ರಿಕೆಯಲ್ಲಿ ಶುರುವಾದ ಈ ಜೋಡಿಯ ಬಗ್ಗೆ ಲೈಬರ್ ಸುಮಾರು 50 ವರ್ಷ ಬರೆದರು. ಅವರ ಊರು ಲಾಂಖ್ಮಾರ್: ಹೊಗೆ, ಕೊಳಕು, ಲಂಚ, ಜನಜಂಗುಳಿ. ಓದುತ್ತಾ ಓದುತ್ತಾ ನಮ್ಮ ಊರಿನ ಹಳೇ ಮಾರ್ಕೆಟ್ ಓಣಿಯಲ್ಲೇ ಓಡಾಡಿದ ಹಾಗಾಗುತ್ತದೆ.

1959ರ ‘ಲೀನ್ ಟೈಮ್ಸ್ ಇನ್ ಲಾಂಖ್ಮಾರ್’ ಓದಿ. ಕೈ ಖಾಲಿಯಾಗಿ ಗೆಳೆಯರಿಬ್ಬರೂ ಜಗಳವಾಡಿ ಬೇರೆಯಾಗಿದ್ದಾರೆ. ಆ ಊರಲ್ಲಿ ದೇವರುಗಳ ಬೀದಿ ಅಂತ ಒಂದಿದೆ. ಹೊಸ ದೇವರು ಬಂದರೆ ಬೀದಿಯ ಕೆಳಗಿನ ತುದಿಯಲ್ಲಿ, ಜೌಗು ಬಾಗಿಲ ಹತ್ತಿರ ಜಾಗ. ಭಕ್ತರು, ಕಾಣಿಕೆ ಜಾಸ್ತಿಯಾದಂತೆ ದೇವರು ಬೀದಿಯಲ್ಲಿ ಮೇಲೆ ಮೇಲೆ ಸರಿಯುತ್ತಾನೆ. ವ್ಯಾಪಾರ ಬಿದ್ದರೆ ಮತ್ತೆ ಕೆಳಗೆ. ಫಾಫರ್ಡ್ ಕುಡಿತ ಬಿಟ್ಟು, ಕತ್ತಿ ಬಿಟ್ಟು, ‘ಹೂಜಿಯ ಇಸ್ಸೆಕ್’ ಎಂಬ ಯಾರಿಗೂ ಬೇಡದ ಒಂದು ದೇವರ ಪರಿಚಾರಕನಾಗುತ್ತಾನೆ. ಮೌಸರ್ ಹೋಗಿ ಸೇರುವುದು ಪುಲ್ಗ್ ಎಂಬ ರೌಡಿಯ ಹತ್ತಿರ. ಪುಲ್ಗ್‌ನ ದಂಧೆ ಏನು ಗೊತ್ತಾ? ಆ ಬೀದಿಯ ಪೂಜಾರಿಗಳಿಂದ ಹಫ್ತಾ ವಸೂಲಿ.

ಫಾಫರ್ಡ್‌ಗೆ ಒಳ್ಳೆ ಕಂಠ. ಅವನು ಇಸ್ಸೆಕ್ಕನ ಕಥೆಯನ್ನು ತನಗೆ ಬೇಕಾದ ಹಾಗೆ ಕಟ್ಟಿ ಹಾಡುತ್ತಾನೆ, ಜನ ಸೇರುತ್ತಾರೆ, ದೇವರು ಬೀದಿಯಲ್ಲಿ ಮೇಲೆ ಬರಲು ಶುರು. ಅಂದ ಮೇಲೆ ಹಫ್ತಾ ಕೇಳಲು ಮೌಸರ್ ಹೋಗಲೇಬೇಕು. ಆಮೇಲೆ ಆಗುವ ಗೊಂದಲವನ್ನು ನಾನು ಮೊದಲ ಸಲ ಓದಿದ್ದು ಬಿಎಂಟಿಸಿ ಬಸ್ಸಿನಲ್ಲಿ. ಪಕ್ಕದಲ್ಲಿದ್ದ ಅಜ್ಜಿ ‘ಏನಪ್ಪಾ, ಹುಷಾರಿದ್ದೀಯಾ?’ ಎಂದು ಕೇಳಿದರು.

ಅದಾದ ಮೇಲೆ 1963ರ ‘ಬಜಾರ್ ಆಫ್ ದಿ ಬಿಜಾರ್’. ಒಂದು ಅಂಗಡಿ, ಅದರಲ್ಲಿ ಕಣ್ಣು ಕೋರೈಸುವ ಸಾಮಾನು. ಮೌಸರ್ ಮರುಳಾಗಿದ್ದಾನೆ. ನಿಜ ತೋರಿಸುವ ಕಣ್ಣಪಟ್ಟಿ ಕಟ್ಟಿಕೊಂಡು ನೋಡಿದ ಫಾಫರ್ಡ್‌ಗೆ ಕಾಣುವುದು ಬರೀ ಕಸ. ಹಬ್ಬದ ಆಫರ್ ಸಮಯದಲ್ಲಿ ನಾನು ಪ್ರತಿ ವರ್ಷ ಇದನ್ನು ಮತ್ತೆ ಓದುತ್ತೇನೆ. ಪ್ರಯೋಜನವೇನೂ ಆಗಿಲ್ಲ.

ಅವರಿಬ್ಬರೂ ಹೇಗೆ ಜೊತೆಯಾದರು ಎಂಬ ‘ಇಲ್ ಮೆಟ್ ಇನ್ ಲಾಂಖ್ಮಾರ್’ 1970ರಲ್ಲಿ ಬಂತು, ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಗೆದ್ದಿತು. ಇಲ್ಲಿಂದಲೇ ಶುರು ಮಾಡಿ ಎಂದು ಬಹಳ ಜನ ಹೇಳುತ್ತಾರೆ. ನಾನು ಒಪ್ಪಲ್ಲ. ಇದು ನಗುತ್ತಾ ಶುರುವಾಗಿ ಎದೆಗೆ ಒದ್ದು ಮುಗಿಯುವ ಕಥೆ. ಮೊದಲು ಆ ಇಬ್ಬರನ್ನು ಚೆನ್ನಾಗಿ ಹಚ್ಚಿಕೊಂಡಿರಿ, ಆಮೇಲೆ ಒದೆ ತಿನ್ನಿ.

ಎಲ್ಲಾ ಗಂಡಸರದ್ದೇ ಆಯ್ತಲ್ಲ?

1934ರ ಅಕ್ಟೋಬರಿನಲ್ಲೇ ‘ಬ್ಲ್ಯಾಕ್ ಗಾಡ್ಸ್ ಕಿಸ್’ ಬಂದಿದೆ. ಬರೆದವರು ಸಿ. ಎಲ್. ಮೂರ್. ಪೂರ್ತಿ ಹೆಸರು ಕ್ಯಾಥರೀನ್ ಲೂಸಿಲ್ ಮೂರ್, ಇಂಡಿಯಾನಾಪೊಲಿಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸ. ಮೊದಲಕ್ಷರ ಮಾತ್ರ ಹಾಕಿಕೊಳ್ಳುತ್ತಿದ್ದರಿಂದ ಹೆನ್ರಿ ಕಟ್ನರ್ ಎಂಬ ಲೇಖಕ ಗಂಡಸೆಂದೇ ತಿಳಿದು ಅಭಿಮಾನದ ಪತ್ರ ಬರೆದಿದ್ದರು. 1940ರಲ್ಲಿ ಇಬ್ಬರೂ ಮದುವೆಯಾದರು.

ಕಥೆಯ ಶುರು ನೋಡಿ. ಕೋಟೆ ಸೋತಿದೆ. ಗೆದ್ದ ಗಿಯೋಮ್‌ನ ಮುಂದೆ ಸೋತ ಕೋಟೆಯ ಒಡೆಯನನ್ನು ಕಬ್ಬಿಣದ ಕವಚದ ಸಮೇತ ಎಳೆದು ತಂದಿದ್ದಾರೆ. ಶಿರಸ್ತ್ರಾಣ ತೆಗೆದರೆ ಕೆಂಪು ಕೂದಲು, ಉರಿಯುವ ಕಣ್ಣು. ಒಡೆಯ ಅಲ್ಲ, ಒಡತಿ, ಜಿರೆಲ್. ಅವನು ಬಲವಂತವಾಗಿ ಮುತ್ತು ಕೊಡುತ್ತಾನೆ. ಆ ಅವಮಾನಕ್ಕೆ ತಕ್ಕ ಆಯುಧ ಹುಡುಕಿಕೊಂಡು ಜಿರೆಲ್ ಕೋಟೆಯ ಕೆಳಗಿನ ಸುರಂಗದಲ್ಲಿ ಇಳಿಯುತ್ತಾಳೆ. ಕೊರಳಲ್ಲಿ ಶಿಲುಬೆ ಇರುವ ತನಕ ಅಲ್ಲಿ ಬರೀ ಕತ್ತಲು. ಶಿಲುಬೆ ತೆಗೆದ ಮೇಲೆ ಆ ಲೋಕ ಕಾಣಿಸುತ್ತದೆ. ಇದಕ್ಕಿಂತ ಒಳ್ಳೆಯ ಬಾಗಿಲನ್ನು ಈ ಜಾತಿಯ ಕಥೆಗಳಲ್ಲಿ ನಾನು ನೋಡಿಲ್ಲ. ಕಥೆಯ ಕೊನೆ ಬಗ್ಗೆ ಮಾತ್ರ ನನ್ನ ಹೆಂಡತಿಗೂ ನನಗೂ ಇನ್ನೂ ವಾದ ಮುಗಿದಿಲ್ಲ. ಅವಳಿಗೆ ಸಿಟ್ಟು ಬಂತು. ನೀವೇ ಓದಿ ಹೇಳಿ.

ಜೋವಾನಾ ರಸ್ 1960ರ ದಶಕದಲ್ಲಿ ಬರೆದ ಆಲಿಕ್ಸ್ ಕಥೆಗಳೂ ಇವೆ. ಜಾಣತನದ, ಒಣ ತಮಾಷೆಯ ಕಥೆಗಳು.

ಈ ಕಥೆಗಳಲ್ಲಿ ನಮ್ಮ ದೇಶ ಬರುತ್ತಾ?

ಬರುತ್ತೆ, ವೇಷ ಹಾಕಿಕೊಂಡು. 1934ರ ‘ದಿ ಪೀಪಲ್ ಆಫ್ ದಿ ಬ್ಲ್ಯಾಕ್ ಸರ್ಕಲ್’ನಲ್ಲಿ ವೆಂಧ್ಯ ಎಂಬ ರಾಜ್ಯವಿದೆ. ವಿಂಧ್ಯ ಎಂದು ಬೇರೆ ಹೇಳಬೇಕಿಲ್ಲ. ರಾಜಧಾನಿ ಅಯೋಧ್ಯಾ, ಬೆಟ್ಟಗಳ ಹೆಸರು ಹಿಮೇಲಿಯನ್, ರಾಜಕುಮಾರಿ ಯಾಸ್ಮಿನಾಗೆ ಬಿರುದು ‘ದೇವಿ’. ಹೋವರ್ಡ್ ಟೆಕ್ಸಸ್‌ನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಲ್ಲಿ ಕೂತು ಪುಸ್ತಕ ಓದಿ ಕಟ್ಟಿದ ಭಾರತ ಇದು. ಮುಸ್ಲಿಂ ಹೆಸರು, ಹಿಂದೂ ಬಿರುದು, ಆಫ್ಘನ್ ಗುಡ್ಡ ಎಲ್ಲ ಕಲಸಿ ಚಿತ್ರಾನ್ನ.

ಆದರೆ ಶುರು ಬಿಗಿಯಾಗಿದೆ. ರಾಜ ಸಾಯುತ್ತಿದ್ದಾನೆ, ವೈದ್ಯರ ಕೈಲಿ ಆಗುತ್ತಿಲ್ಲ. ದೂರದ ಬೆಟ್ಟದಲ್ಲಿ ಮಾಂತ್ರಿಕರು ಅವನ ಕೂದಲು ಹಿಡಿದು ಮಾಟ ಮಾಡಿದ್ದಾರೆ. ತನ್ನನ್ನು ಬಯಸಿ ನಿರಾಸೆಯಾದ ಒಬ್ಬ ರಾಜಕುಮಾರಿಗೆ ಅವನೇ ನೆನಪಿಗೆಂದು ಕೊಟ್ಟಿದ್ದ ಕೂದಲು ಅದು, ಕಳ್ಳತನವಾಗಿತ್ತು. ಬಾಚಣಿಗೆಯಿಂದ ಕೂದಲು ತೆಗೆದು ಹಾಗೇ ಎಸೆಯಬೇಡ, ಸುತ್ತಿ ಉಗುಳಿ ಎಸೆ ಎಂದು ನಮ್ಮಜ್ಜಿ ಗದರುತ್ತಿದ್ದದ್ದು ಇದಕ್ಕೇ. ಟೆಕ್ಸಸ್‌ನವನಿಗೂ ಅದು ಗೊತ್ತಿತ್ತು ನೋಡಿ.

ಇವುಗಳಲ್ಲಿ ಜನಾಂಗೀಯ ತಿರಸ್ಕಾರ ಇದೆ ಅಂತಾರಲ್ಲ?

ಇದೆ. ಮುಚ್ಚಿಡುವುದೇನಿದೆ? ಕಪ್ಪುಜನರ ಬಗ್ಗೆ, ಪೂರ್ವದೇಶದವರ ಬಗ್ಗೆ ಹೋವರ್ಡ್ ಬರೆದ ಕೆಲವು ಸಾಲುಗಳನ್ನು ಓದಿದರೆ ಮುಖ ಸಿಂಡರಿಸುತ್ತದೆ. ಹೆಂಗಸರನ್ನು ಬಟ್ಟೆಯಿಲ್ಲದೆ ನಿಲ್ಲಿಸುವ ದೃಶ್ಯಗಳಿಗೆ ಇನ್ನೊಂದು ಕಾರಣವೂ ಉಂಟು: ಅಂಥ ದೃಶ್ಯವಿದ್ದರೆ ‘ವಿಯರ್ಡ್ ಟೇಲ್ಸ್’ ಮುಖಪುಟಕ್ಕೆ ಆಯ್ಕೆಯಾಗುವ ಸಾಧ್ಯತೆ ಜಾಸ್ತಿ. ತಮಾಷೆ ಎಂದರೆ 1930ರ ದಶಕದ ಆ ಮುಖಪುಟಗಳಲ್ಲಿ ಹೆಚ್ಚಿನವನ್ನು ಬರೆದದ್ದು ಮಾರ್ಗರೆಟ್ ಬ್ರಂಡೇಜ್ ಎಂಬ ಮಹಿಳೆ.

ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ಚಾರ್ಲ್ಸ್ ಸಾಂಡರ್ಸ್. ಅವರು ಅಮೆರಿಕದ ಕಪ್ಪುಜನಾಂಗದವರು, ಕೆನಡಾಕ್ಕೆ ಹೋಗಿ ನೆಲೆಸಿದರು. ಈ ಕಥೆಗಳನ್ನು ಇಷ್ಟಪಟ್ಟೇ ಓದಿದ್ದರು, ಒಳಗಿನ ತಿರಸ್ಕಾರ ಚುಚ್ಚುತ್ತಿತ್ತು. ಬೈದು ಸುಮ್ಮನಾಗಲಿಲ್ಲ. ಆಫ್ರಿಕಾದ ಪುರಾಣ, ಇತಿಹಾಸ ಹಿಡಿದು ಒಂದು ಲೋಕ ಕಟ್ಟಿ, ಇಮಾರೋ ಎಂಬ ಯೋಧನನ್ನು ನಿಲ್ಲಿಸಿದರು. ‘ಇಮಾರೋ’ ಪುಸ್ತಕವಾಗಿ ಬಂದದ್ದು 1981ರಲ್ಲಿ. ಹೋವರ್ಡ್ ಓದಿ ಕಿರಿಕಿರಿಯಾದವರು ಇದನ್ನು ಓದಲೇಬೇಕು, ಆಗದವರೂ ಓದಿ.

ಎಲ್ರಿಕ್ ಯಾರು? ಎಲ್ಲರೂ ಹೇಳ್ತಾರೆ.

ಕೋನನ್‌ನನ್ನು ಚಡ್ಡಿ ಸಮೇತ ತಿರುವಿ ಹಾಕಿದರೆ ಎಲ್ರಿಕ್. ಬಿಳಿಚಿಕೊಂಡ ಮೈ, ಕೆಂಪು ಕಣ್ಣು, ನಿಲ್ಲಲೂ ಶಕ್ತಿಯಿಲ್ಲದ ಚಕ್ರವರ್ತಿ. ಸ್ಟಾರ್ಮ್‌ಬ್ರಿಂಗರ್ ಎಂಬ ಕರಿಯ ಕತ್ತಿ ಕೊಂದವರ ಆತ್ಮ ಕುಡಿದು ಅವನಿಗೆ ಬಲ ಕೊಡುತ್ತದೆ. ಕತ್ತಿಗೆ ತನ್ನದೇ ಹಟ, ಯಾರನ್ನು ಕೊಲ್ಲಬಾರದೋ ಅವರನ್ನೇ ಕೊಲ್ಲುತ್ತದೆ. ಮೂರ್‌ಕಾಕ್ 1961ರಲ್ಲಿ ಬರೆದ ‘ದಿ ಡ್ರೀಮಿಂಗ್ ಸಿಟಿ’ ಮೊದಲನೆಯದು, ಅದನ್ನೇ ಓದಿ. ಆಮೇಲೆ ಬಂದ ಕಾದಂಬರಿಗಳಲ್ಲಿ ಹಿಂದಿನ ಕಥೆ, ಮುಂದಿನ ಕಥೆ ಎಲ್ಲ ಸೇರಿ ಗೋಜಲು. ನನ್ನ ಮಟ್ಟಿಗೆ ಎಲ್ರಿಕ್ 18 ವರ್ಷದವರಿಗೆ ದೇವರು, 40 ದಾಟಿದವರಿಗೆ ಸ್ವಲ್ಪ ಗೋಳು. ಈ ಮಾತಿಗೆ ಬೈಸಿಕೊಂಡಿದ್ದೇನೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಯಾರದು ಸುಲಭ?

ಹೋವರ್ಡ್. ಹಳೆಯ ಪದಗಳು ಬಂದರೂ ಕಥೆ ಓಡುತ್ತಿರುತ್ತದೆ, ತಡವರಿಸಿದರೂ ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ. ಲೈಬರ್ ಎರಡನೇ ಮೆಟ್ಟಿಲು. ಜ್ಯಾಕ್ ವ್ಯಾನ್ಸ್ ಮೂರನೆಯದು: ವಾಕ್ಯ ಸರಳ, ಆದರೆ ವ್ಯಂಗ್ಯ ಹಿಡಿಯಬೇಕು. ಸೂರ್ಯ ಆರಿಹೋಗಲಿರುವ ಕಾಲದ ಕಥೆಗಳ ಅವರ ‘ದಿ ಡೈಯಿಂಗ್ ಅರ್ಥ್’ 1950ರದ್ದು. ಅದರಲ್ಲಿ ‘ಲಿಯಾನ್ ದಿ ವೇಫೇರರ್’ ಮಾತ್ರ ಓದಿದರೂ ಸಾಕು, ಹತ್ತೇ ನಿಮಿಷ, ಕೊನೇ ಸಾಲಿಗೆ ಬೆನ್ನು ತಣ್ಣಗಾಗುತ್ತದೆ. ಮಾಂತ್ರಿಕರು ಮಂತ್ರವನ್ನು ಬಾಯಿಪಾಠ ಮಾಡಿ, ಒಮ್ಮೆ ಹೇಳಿದ ಮೇಲೆ ಮರೆತುಬಿಡುವುದು ಈ ಪುಸ್ತಕದ್ದೇ ಯೋಚನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸಿ ಆಡುವ ಆಟವನ್ನು ಶುರುವಿನಲ್ಲಿ ಅದೇ ನಿಯಮದಲ್ಲಿ ಆಡುತ್ತಿದ್ದರು.

ಕ್ಲಾರ್ಕ್ ಆಷ್ಟನ್ ಸ್ಮಿತ್ ಕೊನೆಗಿರಲಿ. ಮೊದಲು ಕವಿ, ಆಮೇಲೆ ಕಥೆಗಾರ. ಹಳಗನ್ನಡ ಬಲ್ಲವರು ಕಾವ್ಯ ಓದುವ ಹಾಗೆ ಗಟ್ಟಿಯಾಗಿ, ನಿಧಾನವಾಗಿ ಓದಬೇಕು. ‘ದಿ ಎಂಪೈರ್ ಆಫ್ ದಿ ನೆಕ್ರೋಮ್ಯಾನ್ಸರ್ಸ್’ನಲ್ಲಿ ಇಬ್ಬರು ಮಾಂತ್ರಿಕರು ಮರುಭೂಮಿಗೆ ಹೋಗಿ ಸತ್ತ ಒಂದು ರಾಜ್ಯವನ್ನೇ ಎಬ್ಬಿಸಿ, ಹಳೆಯ ಚಕ್ರವರ್ತಿಗಳ ಹೆಣಗಳ ಕೈಲಿ ಜೀತ ಮಾಡಿಸುತ್ತಾರೆ. ಸತ್ತವರಿಗೂ ಒಂದು ದಿನ ಸಾಕಾಗುತ್ತದೆ.

ಮಗಳಿಗೆ 13 ವರ್ಷ. ಕೊಡಬಹುದಾ?

ಆನೆಯ ಗೋಪುರ, ಬಜಾರ್ ಎರಡನ್ನೂ ಧೈರ್ಯವಾಗಿ ಕೊಡಿ. ಉಳಿದವನ್ನು ನೀವು ಮೊದಲು ಓದಿ. ವ್ಯಾಗ್ನರ್ ಮಾತ್ರ ಬೇಡ.

ವ್ಯಾಗ್ನರ್ ಯಾರು?

ಕಾರ್ಲ್ ಎಡ್ವರ್ಡ್ ವ್ಯಾಗ್ನರ್. ಮನೋವೈದ್ಯಶಾಸ್ತ್ರ ಕಲಿತು ಅದನ್ನು ಬಿಟ್ಟು ಬರವಣಿಗೆಗೆ ಬಂದವರು. ಅವರ ನಾಯಕ ಕೇನ್‌ಗೆ ಸಾವಿಲ್ಲ, ಒಳ್ಳೆಯತನವೂ ಇಲ್ಲ. 1977ರ ‘ಅಂಡರ್‌ಟೋ’ ಓದಿ. ಹಿಂದು-ಮುಂದಾಗಿ ಹೇಳಿದ ಕಥೆ. ಮುಗಿದ ತಕ್ಷಣ ಮತ್ತೆ ಮೊದಲ ಪುಟಕ್ಕೆ ಹೋಗಲೇಬೇಕಾಗುತ್ತದೆ.

ಕೊನೆಗೆ, ನಿಜವಾಗಲೂ ಹೆದರಿಸುವ ಒಂದು ಕಥೆ ಹೇಳಿ.

ಹೋವರ್ಡ್‌ದೇ, ಆದರೆ ಕೋನನ್ ಇಲ್ಲ. 1932ರ ನವೆಂಬರಿನ ‘ವರ್ಮ್ಸ್ ಆಫ್ ದಿ ಅರ್ಥ್’. ಜಾಗ ರೋಮನ್ನರ ಕಾಲದ ಬ್ರಿಟನ್. ಬ್ರಾನ್ ಮಾಕ್ ಮಾರ್ನ್ ಎಂಬ ಪಿಕ್ಟ್ ಜನರ ರಾಜ ವೇಷ ಮರೆಸಿಕೊಂಡು ರೋಮನ್ ಅಧಿಕಾರಿಯ ಪಕ್ಕ ನಿಂತಿದ್ದಾನೆ. ಎದುರಿಗೆ ಅವನದೇ ಪ್ರಜೆಯೊಬ್ಬನನ್ನು ಶಿಲುಬೆಗೆ ಹೊಡೆಯುತ್ತಿದ್ದಾರೆ. ಏನೂ ಮಾಡುವ ಹಾಗಿಲ್ಲ. ಸಾಯುವವನು ಗುರುತು ಹಿಡಿದು ರಾಜನ ಕಡೆ ನೋಡುತ್ತಾನೆ.

ಆ ನೋಟಕ್ಕೆ ಬ್ರಾನ್ ಸೇಡು ತೀರಿಸಬೇಕು. ಮನುಷ್ಯರಿಂದ ಆಗುವ ಕೆಲಸ ಅಲ್ಲ ಅನ್ನಿಸಿ, ಒಂದು ಕಾಲಕ್ಕೆ ತನ್ನ ಪೂರ್ವಜರೇ ಓಡಿಸಿದ, ಈಗ ನೆಲದಡಿ ಏನೇನೋ ಆಗಿಹೋಗಿರುವ ಜೀವಿಗಳ ಹತ್ತಿರ ಹೋಗುತ್ತಾನೆ. ಜೌಗಿನಲ್ಲಿ ಒಂಟಿಯಾಗಿ ಬದುಕುವ ಆಟ್ಲಾ ಎಂಬ ಮಾಟಗಾತಿ ದಾರಿ ತೋರಿಸುತ್ತಾಳೆ, ಅದಕ್ಕೊಂದು ಬೆಲೆ ಕೇಳುತ್ತಾಳೆ. ಅವನು ಕೊಡುತ್ತಾನೆ. ಸೇಡು ತೀರುತ್ತದೆ, ಆದರೆ ಬ್ರಾನ್ ಅಂದುಕೊಂಡ ಹಾಗಲ್ಲ. ಕೈಗೆ ಸಿಕ್ಕ ವೈರಿಯ ಸ್ಥಿತಿ ನೋಡಿ ಕತ್ತಿ ಎತ್ತುವಾಗ ಅವನಲ್ಲಿ ಉಳಿದಿರುವುದು ಕರುಣೆ ಮಾತ್ರ. ಕತ್ತಲಲ್ಲಿ ಓಡಿಹೋಗುವ ರಾಜನ ಬೆನ್ನಿಗೆ ಆಟ್ಲಾ ಕೂಗಿ ಹೇಳುತ್ತಾಳೆ: ನೀನು ಅವರನ್ನು ಕರೆದೆಯಲ್ಲ, ಅವರಿಗೆ ನಿನ್ನ ನೆನಪಿರುತ್ತದೆ.

ನಾನು ಇದನ್ನು ಓದಿದ ರಾತ್ರಿ ಮನೆಯಲ್ಲಿ ಕರೆಂಟ್ ಹೋಗಿತ್ತು. ಬಚ್ಚಲಿನ ಮೋರಿಯಲ್ಲಿ ನೀರು ಗುಳುಗುಳು ಅಂದದ್ದಕ್ಕೆ ಬಕೆಟ್ ತಂದು ಮೋರಿ ಬಾಯಿಗೆ ಬೋರಲು ಹಾಕಿದೆ. ಬೆಳಗ್ಗೆ ಯಾರು ಹೀಗಿಟ್ಟಿದ್ದು ಅಂತ ಅಮ್ಮ ಕೇಳಿದರು, ನಾನಲ್ಲ ಅಂದೆ.